ಮಂದೆಯ ನಡುವಿನ ಜಾಗ

ಕುರಿಮಂದೆಯತ್ತ ನಾಯಿ ನುಗ್ಗಿದಾಗ ಏನಾಗುತ್ತದೆಂದು ಗಮನಿಸಿದ್ದೀರಾ? ಕುರಿಗಳು ಚದುರಿ ಓಡುವ ಬದಲು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಮಾತು ನಮಗೆ ನೆನಪಾಗುತ್ತದೆ. ಆದರೆ ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1971ರಲ್ಲಿ ಇದಕ್ಕೆ ಬೇರೆಯೇ ವಿವರಣೆ ಕೊಟ್ಟರು. ಅವರು ಕಟ್ಟಿದ ಗಣಿತ ಮಾದರಿಯಲ್ಲಿದ್ದುದು ಒಂದು ಕೊಳ, ಕೆಲವು ಕಪ್ಪೆಗಳು, ಒಂದು ನೀರುಹಾವು. ಎಲ್ಲವೂ ಕಾಲ್ಪನಿಕ.

ಕೊಳ ವೃತ್ತಾಕಾರ, ಕಪ್ಪೆಗಳು ದಡದಲ್ಲಿ ಕುಳಿತಿವೆ. ಹಾವು ದಿನಕ್ಕೊಮ್ಮೆ ದಡದ ಯಾವುದೋ ಒಂದೆಡೆ ತಲೆಯೆತ್ತಿ, ಅಲ್ಲಿಗೆ ಅತಿ ಸಮೀಪವಿರುವ ಕಪ್ಪೆಯನ್ನು ನುಂಗುತ್ತದೆ. ಎಲ್ಲಿ ಏಳುತ್ತದೆಂದು ಕಪ್ಪೆಗಳಿಗೆ ತಿಳಿಯದು. ಲೆಕ್ಕದ ಅನುಕೂಲಕ್ಕೆ ಕೊಳದ ಸುತ್ತಳತೆ 100 ಮೀಟರ್, ಕಪ್ಪೆಗಳು 10 ಎಂದಿಟ್ಟುಕೊಳ್ಳೋಣ. ಅವುಗಳಲ್ಲಿ ಒಂದು ನೀವೇ! ನಿಮ್ಮ ಎಡಗಡೆಯ ಕಪ್ಪೆ 12 ಮೀಟರ್, ಬಲಗಡೆಯದು 8 ಮೀಟರ್ ದೂರದಲ್ಲಿದೆ. ಎಡಕ್ಕೆ 6, ಬಲಕ್ಕೆ 4 ಮೀಟರಿನೊಳಗೆ ಹಾವು ಎದ್ದರೆ ಬಲಿ ನೀವೇ. ಒಟ್ಟು 10 ಮೀಟರಿನ ಈ ಪಟ್ಟಿ ನಿಮ್ಮ 'ಅಪಾಯ ವಲಯ'. ಸಾಯುವ ಸಂಭವನೀಯತೆ ನೂರಕ್ಕೆ 10. ಅಲ್ಲಲ್ಲೇ ಸರಿದಾಡಿದರೆ ಪ್ರಯೋಜನವಿಲ್ಲ. ಒಂದು ಬದಿಯಲ್ಲಿ ಕಳೆದದ್ದು ಇನ್ನೊಂದು ಬದಿಗೆ ಸೇರುತ್ತದೆ (ಕೂಡಿಸಿ ನೋಡಿ). ಆದರೆ ಬೇರೆಡೆ 4 ಮೀಟರ್ ಅಂತರದಲ್ಲಿ ಕುಳಿತ ಎರಡು ಕಪ್ಪೆಗಳ ನಡುವೆ ಹೋಗಿ ಕುಳಿತರೆ ನಿಮ್ಮ ವಲಯ 2 ಮೀಟರಿಗೆ ಇಳಿಯುತ್ತದೆ. ಅಪಾಯ ನೂರಕ್ಕೆ ಬರೀ 2.

ಅಪಾಯ ಮಾಯವಾಯಿತೇ? ಇಲ್ಲ. ವಲಯಗಳ ಮೊತ್ತ ಯಾವಾಗಲೂ 100 ಮೀಟರೇ. ನೀವು ತೆರವು ಮಾಡಿದ ದಡದ ಅಪಾಯ ಹಳೆಯ ನೆರೆಯವರ ತಲೆಗೆ ಬಂತು, ಅಷ್ಟೆ. ಅವೂ ಸುಮ್ಮನಿರುವುದಿಲ್ಲ, ನೆಗೆಯುತ್ತವೆ. ಸ್ವಲ್ಪ ಹೊತ್ತಿನಲ್ಲೇ ಕಪ್ಪೆಗಳು ಗುಂಪಾಗುತ್ತವೆ. ಹಾವಿಗೆ ಮಾತ್ರ ದಿನಕ್ಕೊಂದು ಕಪ್ಪೆ ತಪ್ಪಲಿಲ್ಲ!

ಇಕ್ಕಟ್ಟಿನೊಳಗೆ ನುಸುಳುವ ಸ್ವಭಾವ ಆನುವಂಶಿಕವಾಗಿದ್ದರೆ ಅಂಥ ಕಪ್ಪೆಗಳೇ ಹೆಚ್ಚು ಉಳಿದು ಮರಿಮಾಡುತ್ತವೆ. ನಿಸರ್ಗದ ಆಯ್ಕೆಗೆ ಇಷ್ಟು ಸಾಕು. ಗುಂಪು ಹಾವಿಗೆ ಸುಲಭವಾಗಿ ಕಂಡು, ಅದು ದಿನಕ್ಕೆರಡು ಕಪ್ಪೆ ನುಂಗತೊಡಗಿದರೂ ಒಂಟಿಯಾಗಿ ಅಂಚಿನಲ್ಲಿ ಉಳಿದದ್ದಕ್ಕೇ ಹೆಚ್ಚು ನಷ್ಟ. ಗುಂಪಿಗೆ ಕೇಡಾದ ಗುಣವೂ ಹೀಗೆ ಗುಂಪನ್ನೇ ಕಟ್ಟಬಲ್ಲದು.

ಹಲವು ಕಣ್ಣುಗಳಿದ್ದರೆ ಶತ್ರು ಬೇಗ ಕಾಣುತ್ತಾನೆ ಎಂಬಂಥ ನಿಜವಾದ ಲಾಭಗಳು ಮಂದೆಗೆ ಇಲ್ಲವೆಂದಲ್ಲ. ಅವು ಈ ಮಾದರಿಯಲ್ಲಿಲ್ಲ; ಅವಿಲ್ಲದೆಯೂ ಗುಂಪು ಮೂಡುತ್ತದೆ ಎಂಬುದೇ ಇಲ್ಲಿಯ ವಿಶೇಷ.

ಕಪ್ಪೆಗಳು ಕಾಗದದ ಮೇಲಿನವು, ಸರಿ. ನಿಜವಾದ ಕುರಿಗಳು? ಕುರಿಗಳಿಗೂ ಮಂದೆ ಅಟ್ಟುವ ನಾಯಿಗೂ ಜಿಪಿಎಸ್ ಉಪಕರಣ ಕಟ್ಟಿ ನಡೆಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ನಾಯಿ ಸಮೀಪಿಸಿದಂತೆ ಕುರಿಗಳು ಹೊರಳಿದ್ದು ಮಂದೆಯ ನಡುವಿನತ್ತ.