ಕಾರ್ಖಾನೆಯಿಂದ ಬಂದ ಬೀಗದ ಕೈ

2016ನೆಯ ಇಸವಿ ನವೆಂಬರ್ 3ರಿಂದ 9ರವರೆಗೆ ನಮ್ಮ ಹೈದರಾಬಾದಿನಲ್ಲಿ ಒಂದು ದೊಡ್ಡ ಸಭೆ ನೆರೆದಿತ್ತು. ಇಂಟರ್‌ನೆಟ್ಟಿನ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಎಂಬ ಸಂಸ್ಥೆಯ 57ನೆಯ ಅಧಿವೇಶನವದು. ಪೋರ್ಟೊರಿಕೊ ದ್ವೀಪದಲ್ಲಿ ನಡೆಯಬೇಕಾಗಿದ್ದುದು, ಅತ್ತ ಝೀಕಾ ಜ್ವರ ಹಬ್ಬಿದ್ದರಿಂದ ನಮ್ಮೂರಿಗೆ ಬಂದಿತು. ಬಂದ ವಿದೇಶೀ ಅತಿಥಿಗಳಿಗೆ 8ನೆಯ ತಾರೀಖಿನ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದುದೇ ಹೆಚ್ಚು ನೆನಪಿರಬಹುದೆಂದು ತೋರುತ್ತದೆ! ಆದರೆ ಆ ಸಭೆಗೆ ಎರಡು ವಾರ ಮೊದಲು, ಅಕ್ಟೋಬರ್ 21ರಂದು, ನಮ್ಮ ನಿಮ್ಮ ಮನೆಗಳಿಗೆ ಹೆಚ್ಚು ಸಂಬಂಧಪಟ್ಟ ಘಟನೆಯೊಂದು ಜರುಗಿತ್ತು.

ಕಂಪ್ಯೂಟರುಗಳು ಒಂದನ್ನೊಂದು ಅಂಕೆಗಳಿಂದ ಗುರುತಿಸುತ್ತವೆ. ನಾವಾದರೋ ಹೆಸರಿನಿಂದ ಕರೆಯುತ್ತೇವೆ. ಹೆಸರು ಹೇಳಿದರೆ ಅಂಕೆಯನ್ನು ಹುಡುಕಿಕೊಡುವ ಯಂತ್ರಕ್ಕೆ ನೇಮ್ ಸರ್ವರ್ ಎಂದು ಹೆಸರು. ಸುಲ್ತಾನ್ ಬಜಾರಿನ ಗಲ್ಲಿಯಲ್ಲಿ ಯಜಮಾನರ ಹೆಸರು ಹೇಳಿದೊಡನೆ ಮನೆ ತೋರಿಸುವ ಹಳೆಯ ಅಂಚೆಯವನಂತೆಯೇ ಇದೂ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಈ ಏರ್ಪಾಡನ್ನು ರೂಪಿಸಿದರು. ಆ ಅಕ್ಟೋಬರ್ ದಿನ, ಡಿನ್ ಎಂಬ ಅಮೆರಿಕದ ಕಂಪನಿಯ ನೇಮ್ ಸರ್ವರುಗಳ ಮೇಲೆ ಪ್ರಶ್ನೆಗಳ ಮಹಾಪೂರವೇ ಬಂದು, ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಗಂಟೆಗಟ್ಟಲೆ ಅನೇಕರಿಗೆ ಸಿಗದಂತಾದವು. ಪೂರವನ್ನು ಹರಿಸಿದವು ಯಾವ ಸೈನ್ಯದ ಯಂತ್ರಗಳೂ ಅಲ್ಲ. ಜನರ ಮನೆ ಅಂಗಡಿಗಳಲ್ಲಿದ್ದ ಕಾವಲು ಕ್ಯಾಮರಾಗಳು, ರೌಟರುಗಳು. ಕಾರ್ಖಾನೆಯವರು ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಾಯಿಸದೆ ಬಿಟ್ಟದ್ದರಿಂದ 'ಮಿರಾಯ್' ಎಂಬ ಕೇಡಿನ ಪ್ರೋಗ್ರಾಂ ಅವುಗಳೊಳಗೆ ಸಲೀಸಾಗಿ ಹೊಕ್ಕಿತ್ತು.

ನಮ್ಮ ಮನೆಗಳಲ್ಲಿ ಹೆಸರು ಹುಡುಕುವ ಕೆಲಸಕ್ಕೆ ಮೊದಲ ಮೆಟ್ಟಿಲು ಗೋಡೆಯ ಮೇಲೆ ಮಿಣುಕುವ ವೈಫೈ ಪೆಟ್ಟಿಗೆಯೇ. ಕೂಡಿಸಲು ಬಂದ ಹುಡುಗ ತಂತಿ ಸಿಕ್ಕಿಸಿ, ದೀಪ ಹತ್ತಿದ ಕೂಡಲೆ "ಹೋ ಗಯಾ ಅಂಕಲ್" ಎಂದು ಹೊರಟುಬಿಡುತ್ತಾನೆ. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಕೆಲಸ ಮಾಡುತ್ತಿರುವ ಯಂತ್ರವನ್ನು ಏಕೆ ಕೆದಕಬೇಕೆಂಬುದು ನಮ್ಮ ಹಿರಿಯರ ನ್ಯಾಯ, ತಪ್ಪೆನ್ನಲಾಗದು. ಹಾಗಾಗಿಯೇ, ಏನನ್ನೂ ಹೇಳದೆ ಬಿಟ್ಟಾಗ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಮುಖ್ಯವಾಗುತ್ತದೆ.

ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿದ 'ಬೈಂಡ್' ಎಂಬುದು ಪ್ರಸಿದ್ಧವಾದ ನೇಮ್ ಸರ್ವರ್ ತಂತ್ರಾಂಶ. ಅದರ ಹಳೆಯ ಆವೃತ್ತಿಗಳು ಊರವರು, ಪರವೂರವರು ಎನ್ನದೆ ಯಾರು ಕೇಳಿದರೂ ಹುಡುಕಿ ಹೇಳುತ್ತಿದ್ದವು. 9.4ನೆಯ ಆವೃತ್ತಿಯಲ್ಲಿ, ತಾನಿರುವ ಜಾಲದವರಿಗೆ ಮಾತ್ರ ಉತ್ತರಿಸುವಂತೆ ಮಾಡಬೇಕೆಂದು ನಿಶ್ಚಯವಾಯಿತು. ವಿನೋದವೆಂದರೆ, ತಯಾರಕರ ಕೈತಪ್ಪಿನಿಂದ ಆ ನಿಯಮ ಜಾರಿಗೇ ಬರಲಿಲ್ಲ; 2007ರ ಜುಲೈಯಲ್ಲಿ ತಿದ್ದುಪಡಿ ಹೊರಡಿಸಬೇಕಾಯಿತು.

ಯಾರಿಗೆ ಉತ್ತರಿಸಿದರೇನು, ಪರೋಪಕಾರವಲ್ಲವೇ ಎಂದು ಕೇಳಬಹುದು. ಕಿಡಿಗೇಡಿಯೊಬ್ಬ ಸಾವಿರ ಮನೆಗಳಿಗೆ ಕಾರ್ಡು ಬರೆದು, ಕಳುಹಿಸಿದವನ ವಿಳಾಸವೆಂದು ತನಗಾಗದವನ ವಿಳಾಸವನ್ನು ನಮೂದಿಸಿದನೆನ್ನಿ. ಮನೆಯವರೆಲ್ಲ ಒಂದೊಂದು ದಪ್ಪ ಲಕೋಟೆ ಕಳುಹಿಸಿದರೆ ಆ ಬಡಪಾಯಿಯ ಬಾಗಿಲು ಮುಚ್ಚಿಹೋಗುತ್ತದೆ. ನೇಮ್ ಸರ್ವರಿನಲ್ಲಿಯೂ ಪ್ರಶ್ನೆಯ ಐವತ್ತು ಪಟ್ಟು ಉತ್ತರ ಬರುವಂತೆ ಕೇಳಲು ಸಾಧ್ಯ. 2013ರ ಮಾರ್ಚಿಯಲ್ಲಿ ಸ್ಪಾಮ್‌ಹಾಸ್ ಸಂಸ್ಥೆಯ ಮೇಲೆ ಹೀಗೆಯೇ ಬಾಗಿಲು ತೆರೆದಿದ್ದ ಸರ್ವರುಗಳ ಮೂಲಕ ದಾಳಿ ನಡೆದಿತ್ತು.

ಇನ್ನೊಂದು ಕೇಡು ನೇರವಾಗಿ ನಮಗೇ ತಟ್ಟುವಂಥದು. 'ಡಿಎನ್‌ಎಸ್ ಚೇಂಜರ್' ಎಂಬ ಪ್ರೋಗ್ರಾಂ, ಯಂತ್ರ ಯಾವ ನೇಮ್ ಸರ್ವರನ್ನು ಕೇಳಬೇಕೆಂಬುದನ್ನೇ ಗುಟ್ಟಾಗಿ ಬದಲಾಯಿಸುತ್ತಿತ್ತು. ಪಾಸ್‌ವರ್ಡು ಹಳೆಯದೇ ಆಗಿದ್ದರೆ ರೌಟರನ್ನೂ ಬಿಡುತ್ತಿರಲಿಲ್ಲ. ನೂರಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರುಗಳು ಇದರ ಬಲೆಗೆ ಬಿದ್ದವು. 2011ರ ನವೆಂಬರಿನಲ್ಲಿ ಎಸ್ಟೋನಿಯಾದಲ್ಲಿ ತಂಡದವರು ಸೆರೆಯಾದರು. ಅವರ ಸರ್ವರುಗಳನ್ನು ಒಮ್ಮೆಲೇ ನಿಲ್ಲಿಸಿದ್ದರೆ ಲಕ್ಷಾಂತರ ಜನಕ್ಕೆ ಇಂಟರ್‌ನೆಟ್ಟೇ ನಿಂತಂತಾಗುತ್ತಿತ್ತು. ಆದ್ದರಿಂದ ಬದಲಿ ಸರ್ವರುಗಳನ್ನಿಟ್ಟು 2012ರ ಜುಲೈ 9ರವರೆಗೆ ನಡೆಸಿದರು. ಅವರ ಆಸೆ ಹೆಚ್ಚಾಗಿ ಜಾಹೀರಾತಿನ ಹಣದ ಮೇಲಿತ್ತು. ಇದೇ ಉಪಾಯ ಪಿಂಚಣಿದಾರರ ಬ್ಯಾಂಕಿನ ಪುಟದತ್ತ ತಿರುಗಿದ್ದರೆ?

ಮಾಡಬೇಕಾದುದು ಬಹಳವಿಲ್ಲ; ಗಚ್ಚಿಬೌಲಿಯಲ್ಲಿ ಕೆಲಸಕ್ಕಿರುವ ಮಗನೋ ಮೊಮ್ಮಗಳೋ ಭಾನುವಾರ ಮನೆಗೆ ಬಂದಾಗ ಅರ್ಧ ಗಂಟೆ ಕೂರಿಸಿದರೆ ಸಾಕು. ವೈಫೈ ಪಾಸ್‌ವರ್ಡು ಬೇರೆ, ಪೆಟ್ಟಿಗೆಯ ಯಜಮಾನಿಕೆಯ ಪಾಸ್‌ವರ್ಡು ಬೇರೆ. ಜನ ಮೊದಲನೆಯದನ್ನು ಬದಲಾಯಿಸಿ ಎರಡನೆಯದನ್ನು ಮರೆಯುತ್ತಾರೆ. ಪೆಟ್ಟಿಗೆಯನ್ನು ಮಗುಚಿದರೆ ತಳದ ಚೀಟಿಯಲ್ಲಿ ಸಾಮಾನ್ಯವಾಗಿ ಅದು ಅಚ್ಚಾಗಿರುತ್ತದೆ. ಅದನ್ನು ಮೊದಲು ಬದಲಿಸತಕ್ಕದ್ದು. ಹೊರಗಿನಿಂದ ಪೆಟ್ಟಿಗೆಯನ್ನು ಆಳುವ ಸೌಕರ್ಯವಿದ್ದರೆ ಮುಚ್ಚಬೇಕು. ಡಿಎನ್‌ಎಸ್ ಎಂದಿರುವ ಕಡೆ ಅಂಕೆಗಳಿದ್ದರೆ ಅವು ಸೇವೆ ಕೊಡುವ ಕಂಪನಿಯವೋ, ಇಲ್ಲವೆ 8.8.8.8, 1.1.1.1, 9.9.9.9ರಂತಹ ಬಲ್ಲ ಸರ್ವರುಗಳವೋ ಎಂದು ನೋಡಿಕೊಳ್ಳಬೇಕು. ಇವುಗಳಲ್ಲಿ ಕೊನೆಯದು, ಕೇಡಿನವೆಂದು ಗೊತ್ತಾದ ಹೆಸರುಗಳಿಗೆ ವಿಳಾಸವನ್ನೇ ಕೊಡುವುದಿಲ್ಲ.

ಸಣ್ಣ ಕಚೇರಿಯಲ್ಲೋ ಶಾಲೆಯಲ್ಲೋ ಸ್ವಂತ ನೇಮ್ ಸರ್ವರ್ ನಡೆಸುವವರಿಗೆ ಇನ್ನೊಂದೆರಡು ಮಾತು. ಇತರರ ಹೆಸರುಗಳನ್ನು ಹುಡುಕಿಕೊಡುವ ಸರ್ವರು ಒಳಗಿನ ಜಾಲಕ್ಕೆ ಮಾತ್ರ ಉತ್ತರಿಸಲಿ. ಲೋಕಕ್ಕೆ ನಿಮ್ಮ ಹೆಸರನ್ನು ಸಾರುವ ಸರ್ವರನ್ನು ಬೇರೆಯಾಗಿಡಿ. ಬಂದ ಉತ್ತರದ ರುಜುವನ್ನು ಪರೀಕ್ಷಿಸುವ ಡಿಎನ್‌ಎಸ್‌ಸೆಕ್ ಚಾಲ್ತಿಯಲ್ಲಿರಲಿ. ಇನ್ನು ತಯಾರಕರೇ ತಿದ್ದುಪಡಿ ಕಳುಹಿಸುವುದನ್ನು ನಿಲ್ಲಿಸಿರುವ ಹಳೆಯ ಪೆಟ್ಟಿಗೆಯಿದ್ದರೆ, ದೀಪ ಎಷ್ಟೇ ಚೆನ್ನಾಗಿ ಉರಿಯುತ್ತಿರಲಿ, ಹೊಸದನ್ನು ತರುವುದೇ ಲೇಸು.