ಕೇಳದೆ ಸೆಂಟು ಹೊಡೆಯುವುದೇಕೆ?

ಪ್ರಶ್ನೆ: ಅಂಗಡಿಗಳಲ್ಲಿ ಸೆಂಟು ಮಾರುವವರು ಕೇಳದೆಯೇ ಮೈಮೇಲೆ ಹೊಡೆದುಬಿಡುತ್ತಾರಲ್ಲ, ಏಕೆ?

ಉತ್ತರ: ಪರಿಮಳವನ್ನು ಬಾಯಲ್ಲಿ ವರ್ಣಿಸಿ ಮಾರುವುದು ಕಷ್ಟ, ಮೂಗಿಗೇ ತಲುಪಿಸಬೇಕು. 1980ರ ದಶಕದ ಅಮೆರಿಕದ ದೊಡ್ಡ ಮಳಿಗೆಗಳಲ್ಲಂತೂ ಬಾಟಲಿ ಹಿಡಿದು ದಾರಿಗಡ್ಡ ನಿಲ್ಲುವವರ ಕಾಟ ಜೋರಾಗಿತ್ತು. 1981ರಲ್ಲಿ ಬಂದ ‘ಜಾರ್ಜಿಯೊ’ ಎಂಬ ಸೆಂಟು ಎಷ್ಟು ಘಾಟೆಂದರೆ, ಅದನ್ನು ಪೂಸಿಕೊಂಡವರನ್ನು ಕೆಲವು ಹೋಟೆಲುಗಳು ಒಳಗೇ ಬಿಡಲಿಲ್ಲವಂತೆ!

ಚರ್ಮಕ್ಕೆ ಬಿದ್ದ ಸೆಂಟಿನ ಮದ್ಯಸಾರ ಕ್ಷಣದಲ್ಲಿ ಆರುತ್ತದೆ. ನಿಂಬೆ, ಕಿತ್ತಳೆಯ ಘಮವೂ ಬೇಗ ಹಾರಿಹೋಗುತ್ತದೆ. ಶ್ರೀಗಂಧ, ಕಸ್ತೂರಿಯಂಥ ಭಾರದ ವಾಸನೆ ಮಾತ್ರ ನಿಮ್ಮ ಜೊತೆ ಮನೆವರೆಗೂ ಬರುತ್ತದೆ. ಮಾರುವವರಿಗೆ ಬೇಕಾದದ್ದೂ ಅದೇ. ಆದರೆ ಆಸ್ತಮಾ, ಅರೆತಲೆನೋವು ಇರುವವರಿಗೆ ಒಂದೇ ಸಲ ಹೊಡೆದರೂ ತೊಂದರೆಯಾದೀತು. ಬಾಟಲಿ ಮೇಲೆದ್ದೊಡನೆ ‘ಕಾಗದದ ಪಟ್ಟಿಗೆ ಹಾಕಿ ಕೊಡಿ’ ಎನ್ನಿ, ಬೇಸರಪಟ್ಟರೆ ಪಡಲಿ.