ಸೂರ್ಯನ ಹೆಸರಿನ ಅನಿಲ

ಜತ್ತಕ್ಕೆ ಬಹುದೂರವಲ್ಲದ ಜಮಖಂಡಿಯಲ್ಲಿ ೧೮೬೮ನೆಯ ಇಸವಿಯ ಆಗಸ್ಟ್ ೧೮ರಂದು ಹಗಲಿನಲ್ಲಿಯೇ ಕತ್ತಲು ಕವಿಯಿತು. ಖಗ್ರಾಸ ಸೂರ್ಯಗ್ರಹಣದ ದಿನವದು. ಮೋಡಗಳ ಎಡೆಯಲ್ಲಿ ದೊರೆತ ಅಲ್ಪ ಅವಕಾಶದಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರು ರೋಹಿತದರ್ಶಕವನ್ನು ಸೂರ್ಯನ ಅಂಚಿನ ಜ್ವಾಲೆಗಳತ್ತ ತಿರುಗಿಸಿ, ಹೊಳೆಯುವ ಬಣ್ಣದ ಗೆರೆಗಳನ್ನು ಕಂಡರು. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಪಿಯರ್ ಜಾನ್ಸೆನ್ ಅವರಿಗೂ ಅಂಥ ಗೆರೆಗಳು ಗೋಚರಿಸಿದವು. ಹಳದಿಯ ಗೆರೆಯನ್ನು ಸೋಡಿಯಂನದೆಂದೇ ಹಲವರು ಬಗೆದಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಅವರು ಗ್ರಹಣದ ನೆರವಿಲ್ಲದೆಯೇ ಅದನ್ನು ಪರೀಕ್ಷಿಸಿ, ಅದರ ಸ್ಥಾನವೇ ಬೇರೆಯೆಂದು ಅರಿತರು. ಭೂಮಿಯಲ್ಲಿ ಯಾರೂ ಕಾಣದಿದ್ದ ಆ ಮೂಲವಸ್ತುವಿಗೆ ಗ್ರೀಕರ ಸೂರ್ಯದೇವ ಹೀಲಿಯೋಸನ ಹೆಸರಿನಿಂದ ಹೀಲಿಯಂ ಎಂದು ನಾಮಕರಣವಾಯಿತು. ೧೮೯೫ರಲ್ಲಿ ವಿಲಿಯಂ ರಾಮ್ಸೆ ಅವರು ಯುರೇನಿಯಂ ಖನಿಜವೊಂದರಿಂದ ಅದನ್ನು ಹೊರತೆಗೆದರು.

ಹೀಲಿಯಂ ಬಲು ಹಗುರವಾದ ಅನಿಲ. ಜಲಜನಕದಂತೆ ಉರಿಯುವುದಿಲ್ಲ, ಅನ್ಯವಸ್ತುಗಳೊಡನೆ ಸುಲಭವಾಗಿ ಬೆರೆತು ಸಂಯುಕ್ತವಾಗುವುದೂ ಇಲ್ಲ. ಆದರೆ ಅದರ ಹಿರಿಮೆಯಿರುವುದು ಚಳಿಯಲ್ಲಿ. ೧೯೦೮ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಅವರು ಅದನ್ನು ದ್ರವರೂಪಕ್ಕೆ ತಂದರು. ಈ ದ್ರವವು ಸೊನ್ನೆಗಿಂತ ೨೬೯ ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ! ೧೯೧೧ರಲ್ಲಿ ಅಂಥ ಶೈತ್ಯದಲ್ಲಿ ಪಾದರಸವು ವಿದ್ಯುತ್ತಿಗೆ ಒಡ್ಡುವ ತಡೆಯೆಲ್ಲವೂ ಮಾಯವಾದುದನ್ನು ಅವರ ಪ್ರಯೋಗಶಾಲೆ ಕಂಡಿತು. ಇದೇ ಅತಿವಾಹಕತೆ.

ಈ ಶೋಧದ ಫಲ ಇಂದು ರೋಗಿಯ ಹಾಸಿಗೆಯವರೆಗೂ ಬಂದಿದೆ. ಮಿದುಳು, ಬೆನ್ನುಹುರಿಗಳ ಒಳಚಿತ್ರವನ್ನು ತೆಗೆಯುವ ಎಂ.ಆರ್.ಐ. ಯಂತ್ರದಲ್ಲಿ ಪ್ರಬಲವಾದ ಕಾಂತವಿರುತ್ತದೆ. ಅದರ ತಂತಿಸುರುಳಿಗಳನ್ನು ತಣ್ಣಗಿಡುವುದು ದ್ರವ ಹೀಲಿಯಂ. ರೂಢಿಯ ಯಂತ್ರವೊಂದಕ್ಕೆ ಸಾವಿರ ಲೀಟರಿಗೂ ಮಿಕ್ಕು ಬೇಕು. ಕೆಲವೇ ಲೀಟರುಗಳಿಂದ ನಡೆಯುವ ಹೊಸ ಯಂತ್ರಗಳೂ ಬಂದಿವೆ. ಜಿನೀವಾದ ಬಳಿ ನೆಲದಡಿಯ ೨೭ ಕಿಲೋಮೀಟರ್ ಸುತ್ತಳತೆಯ ಕಣವೇಗವರ್ಧಕವು ಸುಮಾರು ೧೨೦ ಟನ್ ಹೀಲಿಯಂ ಬಳಸುತ್ತದೆ. ರಾಕೆಟ್ಟಿನ ಇಂಧನತೊಟ್ಟಿಗಳಲ್ಲಿ ಒತ್ತಡವನ್ನು ಕಾಯುವುದಕ್ಕೂ, ಕೊಳವೆಗಳ ಸೂಕ್ಷ್ಮ ಸೋರಿಕೆಯನ್ನು ಪತ್ತೆಹಚ್ಚುವುದಕ್ಕೂ ಇದು ಬೇಕು. ಕಡಲಿನ ಆಳದಲ್ಲಿ ಸಾರಜನಕವು ಮುಳುಗುಗಾರರಿಗೆ ಮತ್ತೇರಿಸುವುದರಿಂದ, ಅವರಿಗೆ ಆಮ್ಲಜನಕದೊಡನೆ ಹೀಲಿಯಂ ಬೆರೆಸಿ ಉಸಿರಾಡಲು ಕೊಡುತ್ತಾರೆ.

ಇಷ್ಟೊಂದು ಉಪಯೋಗದ ವಸ್ತುವನ್ನು ನಾವು ಬೇಕೆಂದಾಗ ತಯಾರಿಸಿಕೊಳ್ಳಬಹುದೇ? ಇಲ್ಲ. ಭೂಗರ್ಭದ ಯುರೇನಿಯಂ, ಥೋರಿಯಂಗಳು ಕೋಟ್ಯಂತರ ವರ್ಷ ಕ್ಷಯಿಸುತ್ತ ಹೆತ್ತ ಕೂಸಿದು. ನೈಸರ್ಗಿಕ ಅನಿಲದೊಡನೆ ಸಿಕ್ಕಿಕೊಂಡಿರುವ ಅದನ್ನು ಅಮೆರಿಕ, ಕತಾರ್ ಮೊದಲಾದ ಕೆಲವೇ ದೇಶಗಳು ಬೇರ್ಪಡಿಸುತ್ತವೆ. ಗಾಳಿಯಲ್ಲಿರುವುದು ಹತ್ತು ಲಕ್ಷಕ್ಕೆ ಐದು ಪಾಲು ಮಾತ್ರ. ಅಲ್ಲಿಗೆ ಸೇರಿದುದು ಮೆಲ್ಲಮೆಲ್ಲನೆ ಬಾಹ್ಯಾಕಾಶಕ್ಕೆ ತಪ್ಪಿಸಿಕೊಳ್ಳುತ್ತದೆ. ಆದುದರಿಂದಲೇ ಪ್ರಯೋಗಶಾಲೆಗಳು ಆವಿಯಾದ ಹೀಲಿಯಂ ಅನ್ನು ಹಿಡಿದು, ಮತ್ತೆ ದ್ರವವಾಗಿಸಿ ಬಳಸುತ್ತವೆ.

ತಾಯಂದಿರಿಗೊಂದು ಮಾತು. ದನಿಯನ್ನು ಕೀರಲಾಗಿಸುವ ಮೋಜಿಗೆಂದು ಮಕ್ಕಳು ಈ ಅನಿಲವನ್ನು ಸೇದದಂತೆ ನೋಡಿಕೊಳ್ಳಿರಿ. ಅದು ವಿಷವಲ್ಲವಾದರೂ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ ಪ್ರಾಣಕ್ಕೆ ಎರವಾಗಬಲ್ಲದು. ಮಗುವಿನ ಕೈಜಾರಿ ಮೇಲೇರುವ ಹೀಲಿಯಂ ಬಲೂನನ್ನು ಕಂಡಾಗ, ಮರಳಿ ಬಾರದ ಸಂಪತ್ತೊಂದು ಹೋಗುತ್ತಿದೆಯೆಂಬುದನ್ನು ನೆನೆಯೋಣ.